ಇಂಗ್ಲಿಷಿನ ವಾಕ್ಯ, ಕನ್ನಡದ ಕಿವಿ

ಬ್ಯಾಂಕಿನ ಕೆಲಸಕ್ಕೋ ಕೇಂದ್ರ ಸರ್ಕಾರದ ಕಚೇರಿಯ ಕೆಲಸಕ್ಕೋ ಅರ್ಜಿ ಹಾಕಿಕೊಂಡಿರುವ ತರುಣ ತರುಣಿಯರಲ್ಲಿ ಬಹುಮಂದಿಗೆ ಒಂದು ಅಳುಕುಂಟು. ಲೆಕ್ಕವನ್ನು ಹೇಗೋ ಮಾಡಿಯೇವು, ತರ್ಕದ ಪ್ರಶ್ನೆಗಳನ್ನೂ ಬಿಡಿಸಿಯೇವು. ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಹುಡುಕುವುದು ಮಾತ್ರ ನಮ್ಮಿಂದಾಗದು ಎಂಬುದೇ ಆ ಅಳುಕು. ಅದು ನಿಷ್ಕಾರಣವೆಂದು ನಾನು ಹೇಳಲಾರೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನವರು ಪದವೀಧರರಿಗೆ ನಡೆಸುವ ಪರೀಕ್ಷೆಯ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು. ಸರಿಯುತ್ತರಕ್ಕೆ 2 ಅಂಕ, ತಪ್ಪಿದರೆ ಅರ್ಧ ಅಂಕ ಖೋತಾ. ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಬೇಕೆಂದು ಅರ್ಥಸಚಿವಾಲಯ 2021ರಲ್ಲಿ ಸೂಚಿಸಿತೆಂಬುದು ಸಂತೋಷದ ಸಂಗತಿಯೇ. ಆದರೆ ಇಂಗ್ಲಿಷಿನ ಭಾಗ ಇಂಗ್ಲಿಷಿನಲ್ಲೇ ಉಳಿಯಿತು.

ನನ್ನ ಬಳಿಗೆ ಬರುವ ಹುಡುಗನೊಬ್ಬ, ಹಳ್ಳಿಯಲ್ಲಿ ಕನ್ನಡದಲ್ಲೇ ಓದಿ ಬಂದವನು, ಒಂದು ದಿನ ದಪ್ಪನೆಯ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, “ಸಾರ್, ಇದರಲ್ಲಿರುವುದನ್ನೆಲ್ಲ ಎರಡು ಸಲ ಮಾಡಿದ್ದೇನೆ. ಅಂಕ ಮಾತ್ರ ಇದ್ದಲ್ಲೇ ಇದೆ. ಈ ವರ್ಷ ಆಗದಿದ್ದರೆ ಅಪ್ಪ ಊರಿಗೆ ಬಂದುಬಿಡು ಅಂದಿದ್ದಾರೆ” ಎಂದನು. ಪುಸ್ತಕವನ್ನು ತೆರೆದು ನೋಡಿದೆ. ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಸರಿ ಇಲ್ಲವೆ ತಪ್ಪು ಎಂಬ ಗುರುತು. ಏಕೆ ತಪ್ಪು ಎಂಬುದು ಒಂದು ಕಡೆಯೂ ಇಲ್ಲ.

ತಪ್ಪಿಗೆ ಕಾರಣವನ್ನು ನೀವು ಇಂಗ್ಲಿಷಿನಲ್ಲಿ ಹುಡುಕುತ್ತೀರಿ. ಅದು ಬಹುಮಟ್ಟಿಗೆ ಕನ್ನಡದಲ್ಲಿರುತ್ತದೆ. ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಥ್ರೀ ಇಯರ್ಸ್’ ಎಂಬ ವಾಕ್ಯವನ್ನೇ ನೋಡಿ. ನಾವು ‘ಮೂರು ವರ್ಷದಿಂದ ಇಲ್ಲಿದ್ದೇನೆ’ ಎನ್ನುತ್ತೇವೆ, ‘2021ರಿಂದ ಇಲ್ಲಿದ್ದೇನೆ’ ಎಂದೂ ಎನ್ನುತ್ತೇವೆ. ನಮಗೆ ಎರಡಕ್ಕೂ ‘ಇಂದ’ ಪ್ರತ್ಯಯವೊಂದೇ ಸಾಕು. ಇಂಗ್ಲಿಷಿನವನಾದರೋ ಕಾಲ ಶುರುವಾದ ಬಿಂದುವಿಗೆ ‘ಸಿನ್ಸ್’ ಎಂದೂ ಕಾಲದ ಉದ್ದಕ್ಕೆ ‘ಫಾರ್’ ಎಂದೂ ಬೇರೆಬೇರೆ ಮಾತು ಇಟ್ಟುಕೊಂಡಿದ್ದಾನೆ. ಜೊತೆಗೆ, ಹಿಂದೆ ಮೊದಲಾಗಿ ಇಂದಿಗೂ ನಡೆದಿರುವ ಕ್ರಿಯೆಗೆ ನಮ್ಮ ‘ಇದ್ದೇನೆ’ ಸಾಲುವಂತೆ ಅವನ ‘ಆಮ್’ ಸಾಲದು. ‘ಹ್ಯಾವ್ ಬೀನ್’ ಬೇಕು. ಇಷ್ಟನ್ನು ಒಮ್ಮೆ ಕನ್ನಡದಲ್ಲಿ ಬರೆದಿಟ್ಟುಕೊಂಡವನು ಆ ಪ್ರಶ್ನೆಯಲ್ಲಿ ಮತ್ತೆ ಎಡವುವುದು ಕಡಿಮೆ.

‘ಮನೆಯಿಂದ ಹೊರಗೆ ಬರುತ್ತಲೇ ಮಳೆ ಶುರುವಾಯಿತು’ ಎನ್ನುವುದು ಅಚ್ಚುಕಟ್ಟಾದ ಕನ್ನಡ. ಬಂದವರು ನಾವು, ಶುರುವಾದದ್ದು ಮಳೆ, ಯಾರಿಗೂ ಸಂಶಯವಿಲ್ಲ. ಅದನ್ನೇ ‘ಕಮಿಂಗ್ ಔಟ್ ಆಫ್ ದಿ ಹೌಸ್, ದಿ ರೇನ್ ಬಿಗ್ಯಾನ್’ ಎಂದಿರೋ, ಮಳೆಯೇ ನಿಮ್ಮ ಮನೆಯೊಳಗಿಂದ ಬಾಗಿಲು ದಾಟಿ ಬಂದಂತಾಯಿತು! ಪರೀಕ್ಷಕರಿಗೆ ಬಲು ಪ್ರಿಯವಾದ ಬಲೆ ಇದು. ‘ಆಸ್ ಐ ಕೇಮ್ ಔಟ್’ ಎಂದು ಕರ್ತೃವನ್ನು ಬಾಯಿಬಿಟ್ಟು ಹೇಳಬೇಕು.

ಹಾಗೆಂದು ಕನ್ನಡ ಯಾವಾಗಲೂ ದಾರಿ ತಪ್ಪಿಸುತ್ತದೆಂದು ತಿಳಿಯಬೇಡಿ. ‘ದಿ ಲಿಸ್ಟ್ ಆಫ್ ಬುಕ್ಸ್ ಆರ್ ಆನ್ ದಿ ಟೇಬಲ್’ ಎಂಬಲ್ಲಿ ‘ಬುಕ್ಸ್’ ಕ್ರಿಯಾಪದದ ಮಗ್ಗುಲಲ್ಲೇ ನಿಂತು ಮೋಸ ಮಾಡುತ್ತದೆ. ಕನ್ನಡಕ್ಕೆ ತಿರುಗಿಸಿ ನೋಡಿ: ‘ಪುಸ್ತಕಗಳ ಪಟ್ಟಿ ಮೇಜಿನ ಮೇಲೆ ಇದೆ’. ‘ಪಟ್ಟಿ ಇವೆ’ ಎಂದು ನಮ್ಮಲ್ಲಿ ಮಕ್ಕಳೂ ಹೇಳುವುದಿಲ್ಲ. ಷಷ್ಠಿಯಲ್ಲಿರುವ ಪದ ನಮ್ಮಲ್ಲಿ ಮುಂಚೆ ಬಂದು ಹೋಗಿರುತ್ತದೆ, ನಿಜವಾದ ಕರ್ತೃ ಅದರ ಹಿಂದೆ ಸ್ಪಷ್ಟವಾಗಿ ನಿಲ್ಲುತ್ತದೆ. ಆದುದರಿಂದ ‘ಆರ್’ ಅಲ್ಲ, ‘ಈಸ್’. ಕೇಶಿರಾಜನ ನಾಡಿನವರು ವ್ಯಾಕರಣಕ್ಕೆ ಹೆದರಬೇಕಾದುದೇನಿದೆ?

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬೇಡ. ಅದು ನಮ್ಮ ‘ಬಗ್ಗೆ’ಯ ನೆರಳು. ‘ಆನ್ ಅವರ್’, ಆದರೆ ‘ಎ ಯೂನಿವರ್ಸಿಟಿ’: ಇಲ್ಲಿ ಅಕ್ಷರವನ್ನಲ್ಲ, ಉಚ್ಚಾರಣೆಯನ್ನು ಕೇಳಬೇಕು. ತಪ್ಪಿಲ್ಲವೆಂಬ ಆಯ್ಕೆಯೂ ಒಂದು ಉತ್ತರವೇ; ಅದನ್ನು ಕಂಡು ಹೆದರಿ ಇಲ್ಲದ ತಪ್ಪನ್ನು ಹುಟ್ಟಿಸಬಾರದು. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಮನೆಯಲ್ಲಿದ್ದರೆ ಒಳ್ಳೆಯದೇ, ಆದರೆ ಮೊದಲ ಪುಟದಿಂದ ಉರುಹೊಡೆಯಲು ಹೋಗಬೇಡಿ. ತಪ್ಪಿದ ಜಾಗಕ್ಕೆ ಮಾತ್ರ ಅದನ್ನು ತೆರೆಯಿರಿ.

ಇಂಥ ಪರೀಕ್ಷೆ ನ್ಯಾಯವೆ ಎಂದು ಕೇಳುವವರಿದ್ದಾರೆ. ನನಗೂ ಆ ಸಂದೇಹ ಇಲ್ಲದಿಲ್ಲ. ವ್ಯವಹಾರ ನಿರ್ವಹಣೆಯ ಶಾಲೆಗಳಿಗೆ ಸೇರಲು ದೇಶವಿದೇಶಗಳಲ್ಲಿ ಬರೆಯುವ ಜಿಮ್ಯಾಟ್ ಪರೀಕ್ಷೆಯ ಹೊಸ ರೂಪ 2023ರಲ್ಲಿ ಬಂದಾಗ ವಾಕ್ಯ ತಿದ್ದುವ ಪ್ರಶ್ನೆಗಳನ್ನೇ ಕೈಬಿಟ್ಟಿತು. ನಮ್ಮ ನೌಕರಿಯ ಪರೀಕ್ಷೆಗಳು ಬಿಟ್ಟಿಲ್ಲ. ವಾದ ಮಾಡುತ್ತ ಕುಳಿತರೆ ಅರ್ಜಿ ಹಾಕಿದವನ ವಯಸ್ಸು ಮೀರುತ್ತದೆ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: ದಿನಕ್ಕೆ ಹತ್ತೇ ವಾಕ್ಯ. ತಪ್ಪಿದ್ದನ್ನು ಒಂದು ನೋಟುಪುಸ್ತಕಕ್ಕೆ ಇಳಿಸು, ಸರಿಯಾದದ್ದನ್ನು ಕೆಳಗೆ ಬರೆ, ಕಾರಣವನ್ನು ನಿನ್ನದೇ ಕನ್ನಡದಲ್ಲಿ ಬರೆ. ಆಮೇಲೆ ಸರಿಯಾದ ವಾಕ್ಯವನ್ನು ಗಟ್ಟಿಯಾಗಿ ಓದು. ನಮ್ಮ ಸುತ್ತ ತಪ್ಪು ಇಂಗ್ಲಿಷನ್ನೇ ಕೇಳಿ ಪಳಗಿದ ಕಿವಿಗೆ ಬೇರೆ ಮದ್ದಿಲ್ಲ. ಎರಡು ತಿಂಗಳು ಕಳೆದು ಆ ಪುಸ್ತಕವನ್ನು ತಂದು ತೋರಿಸಿದನು. ಅಷ್ಟೂ ಪುಟಗಳ ತಪ್ಪುಗಳನ್ನು ಒಟ್ಟುಗೂಡಿಸಿದರೆ ನಾಲ್ಕೇ ಜಾತಿ. ಅವುಗಳಲ್ಲಿ ಎರಡು ಆಗಲೇ ನಿಂತುಹೋಗಿದ್ದವು. ಪರೀಕ್ಷೆಗೆ ಇನ್ನೂ ಐದು ವಾರವಿತ್ತು.