ಗಾಳಿಗೆ ಎದೆಯೊಡ್ಡುವವರು

(ಶಾಲೆಯ ವಾರ್ಷಿಕ ಕ್ರೀಡೋತ್ಸವದ ಬಹುಮಾನ ವಿತರಣ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಬಹುಮಾನ ಪಡೆದ ಮಕ್ಕಳನ್ನು ನಾವೆಲ್ಲ ಈಗತಾನೆ ಕರತಾಡನದಿಂದ ಅಭಿನಂದಿಸಿದೆವು. ಅದು ಯೋಗ್ಯವೇ ಸರಿ. ಆದರೆ ಈ ಮೈದಾನದಲ್ಲಿ ಕುಳಿತಿರುವವರಲ್ಲಿ ಬಹುಮಾನ ದೊರೆಯದವರ ಸಂಖ್ಯೆಯೇ ದೊಡ್ಡದು. ಇಂದು ಸಂಜೆ ಅವರು ಮನೆಗೆ ಹೋದಾಗ ಕೇಳಬೇಕಾಗಿ ಬರುವ ಮೊದಲ ಪ್ರಶ್ನೆ, "ನಿನ್ನದು ಎಷ್ಟನೆಯ ನಂಬರು?" ಎಂಬುದು. ಆ ಪ್ರಶ್ನೆಗೆ ಸಂಬಂಧಿಸಿದ ಕೆಲವು ಮಾತುಗಳನ್ನು ನಾನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬಯಸುತ್ತೇನೆ. ಇದಕ್ಕಾಗಿ ನಾನು ಆರಿಸಿಕೊಂಡ ದೃಷ್ಟಾಂತವು ರಸ್ತೆಯ ಸೈಕಲ್ ಪಂದ್ಯಗಳ ವಿಶ್ವ ಚಾಂಪಿಯನ್‌ಷಿಪ್. ಸೈಕಲ್ಲು ನಿಮಗೆ ಚಿರಪರಿಚಿತ. ನಿಮ್ಮಲ್ಲಿ ಅನೇಕರು ನಿತ್ಯವೂ ಅದನ್ನು ತುಳಿದೇ ಶಾಲೆಗೆ ಬರುವವರು. ಇದೂ ಅಲ್ಲದೆ, ಜತ್ತ ತಾಲೂಕಿನವರಾದ ನಮಗೆ ನೆರೆಯ ಜಿಲ್ಲೆಯಾದ ವಿಜಯಪುರವೂ, ಅದರಾಚೆಯ ಬಾಗಲಕೋಟೆಯೂ ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ಪ್ರದೇಶಗಳು. ಆದುದರಿಂದ ಈ ವಿಷಯವು ನಮಗೆ ತೀರ ಹೊರಗಿನದೇನೂ ಅಲ್ಲ.

ಮೊದಲು ಸ್ವಲ್ಪ ಇತಿಹಾಸ. ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವು ೧೯೦೦ರಲ್ಲಿ ಪ್ಯಾರಿಸ್ ನಗರದಲ್ಲಿ ಸ್ಥಾಪಿತವಾಯಿತು. ಅದರ ಕಚೇರಿ ಇಂದು ಸ್ವಿಟ್ಜರ್ಲೆಂಡಿನ ಏಗ್ಲ್ ಎಂಬ ಊರಿನಲ್ಲಿದೆ. ರಸ್ತೆಯ ಮೇಲಿನ ಮೊದಲ ವಿಶ್ವ ಸ್ಪರ್ಧೆ ನಡೆದುದು ೧೯೨೧ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಅದು ಹವ್ಯಾಸಿಗಳಿಗೆ ಮಾತ್ರ ಮೀಸಲಾಗಿತ್ತು. ಪ್ರತಿಯೊಬ್ಬನೂ ಗಡಿಯಾರಕ್ಕೆ ಎದುರಾಗಿ ೧೯೦ ಕಿಲೋಮೀಟರು ದೂರವನ್ನು ಕ್ರಮಿಸಬೇಕಾಗಿತ್ತು. ಸ್ವೀಡನ್ನಿನ ಗುನ್ನಾರ್ ಶೋಲ್ಡ್ ಎಂಬಾತ ಗೆದ್ದನು. ವೃತ್ತಿಪರರಿಗೆ ಪ್ರವೇಶ ದೊರೆತುದು ೧೯೨೭ರಲ್ಲಿ, ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ಎಂಬಲ್ಲಿ. ಅಲ್ಲಿ ಇಟಲಿಯ ಆಲ್ಫ್ರೆದೊ ಬಿಂದಾ ಏಳು ನಿಮಿಷಗಳಿಗೂ ಹೆಚ್ಚಿನ ಅಂತರದಿಂದ ಮೊದಲಿಗನಾದನು. ಮೊದಲ ನಾಲ್ಕು ಸ್ಥಾನಗಳೂ ಇಟಲಿಯವರಿಗೇ ಸಂದವು. ಬಿಂದಾನಂತೆ ಮೂರು ಸಲ ಈ ಪ್ರಶಸ್ತಿಯನ್ನು ಗಳಿಸಿದವರು ಅನಂತರ ಬಂದ ಬೆಲ್ಜಿಯಮ್ಮಿನ ರಿಕ್ ವಾನ್ ಸ್ಟೀನ್‌ಬರ್ಗನ್, ಎಡ್ಡಿ ಮರ್ಕ್ಸ್, ಸ್ಪೇನಿನ ಆಸ್ಕರ್ ಫ್ರೇಯ್ರೆ ಮತ್ತು ಸ್ಲೊವಾಕಿಯಾದ ಪೀಟರ್ ಸಾಗಾನ್. ಸಾಗಾನನು ೨೦೧೫, ೨೦೧೬, ೨೦೧೭ ಹೀಗೆ ಒಂದರ ಹಿಂದೊಂದು ಮೂರು ವರ್ಷ ಗೆದ್ದನು.

ವಿಜೇತನಿಗೆ ಪದಕದ ಜೊತೆಗೆ ಒಂದು ಬಿಳಿಯ ಅಂಗಿಯನ್ನು ತೊಡಿಸುತ್ತಾರೆ. ಅದರ ಎದೆಯ ಸುತ್ತ ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು ಎಂಬ ಐದು ಬಣ್ಣದ ಪಟ್ಟಿಗಳಿರುತ್ತವೆ. ಒಲಿಂಪಿಕ್ ಧ್ವಜದ ಐದು ಉಂಗುರಗಳ ಬಣ್ಣಗಳೂ ಇವೇ. ಜನರು ಇದನ್ನು ಕಾಮನಬಿಲ್ಲಿನ ಅಂಗಿ ಎನ್ನುತ್ತಾರೆ. ಮುಂದಿನ ಒಂದು ವರ್ಷ ಕಾಲ ಆ ಬಗೆಯ ಪಂದ್ಯಗಳಲ್ಲಿ ಅದನ್ನು ತೊಡುವ ಅಧಿಕಾರ ಲೋಕದಲ್ಲಿ ಆ ಒಬ್ಬನಿಗೇ ಇರುತ್ತದೆ.

ಈಗ ನಾನು ಮುಖ್ಯ ಮಾತಿಗೆ ಬರುತ್ತೇನೆ. ಆ ಅಂಗಿ ಒಬ್ಬನ ಮೈಮೇಲಿದ್ದರೂ ಅದನ್ನು ನೇಯ್ದವರು ಹಲವರು. ಅದು ಹೇಗೆಂಬುದನ್ನು ತಿಳಿಯಲು ಗಾಳಿಯ ಸ್ವಭಾವವನ್ನು ಅರಿಯಬೇಕು. ಆಷಾಢದ ಗಾಳಿಗೆ ಎದುರಾಗಿ ಸೈಕಲ್ ತುಳಿದು ಶಾಲೆಗೆ ಬಂದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ನಮ್ಮ ವೇಗವು ಇಮ್ಮಡಿಯಾದರೆ ಗಾಳಿಯ ತಡೆಯು ನಾಲ್ಕು ಮಡಿಯಾಗುತ್ತದೆ. ಆ ತಡೆಯನ್ನು ಗೆಲ್ಲಲು ಬೇಕಾಗುವ ಶಕ್ತಿಯು ಎಂಟು ಮಡಿಯಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ೪೦ ಕಿಲೋಮೀಟರು ವೇಗದಿಂದ ಹೋಗುವವನು ತನ್ನ ಶಕ್ತಿಯ ಬಹುಪಾಲನ್ನು ಗಾಳಿಯನ್ನು ಸೀಳುವುದಕ್ಕೇ ವೆಚ್ಚ ಮಾಡುತ್ತಾನೆ. ಆದರೆ ಅವನ ಹಿಂದೆ, ಗಾಲಿಗೆ ಗಾಲಿ ತಾಗಿಸಿದಂತೆ ಹೋಗುವವನಿಗೆ ಆ ಶ್ರಮದಲ್ಲಿ ಸುಮಾರು ಮೂರರಲ್ಲೊಂದು ಪಾಲು ಉಳಿತಾಯವಾಗುತ್ತದೆ. ಪುರುಷರ ವಿಶ್ವ ಸ್ಪರ್ಧೆಯ ದೂರ ಸಾಮಾನ್ಯವಾಗಿ ೨೫೦ ಕಿಲೋಮೀಟರಿಗೂ ಮಿಕ್ಕಿದ್ದು. ಆರು ಏಳು ಗಂಟೆಗಳ ಕಾಲ ತುಳಿಯಬೇಕು. ಅಷ್ಟು ಹೊತ್ತು ಒಬ್ಬನೇ ಗಾಳಿಗೆ ಎದೆಯೊಡ್ಡಿದರೆ ಕೊನೆಯ ಕ್ಷಣದಲ್ಲಿ ಅವನಲ್ಲಿ ಏನು ಉಳಿದೀತು?

ಆದ ಕಾರಣ ಪ್ರತಿ ರಾಷ್ಟ್ರವೂ ಒಂದು ತಂಡವನ್ನು ಕಳುಹಿಸುತ್ತದೆ. ವರ್ಷವಿಡೀ ಬೇರೆ ಬೇರೆ ವ್ಯಾಪಾರಿ ಸಂಸ್ಥೆಗಳ ತಂಡಗಳಲ್ಲಿ ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಾಗಿದ್ದವರು ಆ ಒಂದು ವಾರ ಮಾತ್ರ ದೇಶದ ಹೆಸರಿನಲ್ಲಿ ಒಂದಾಗುತ್ತಾರೆ. ತಮ್ಮಲ್ಲಿ ಒಬ್ಬನನ್ನೋ ಇಬ್ಬರನ್ನೋ ನಾಯಕರೆಂದು ನಿಶ್ಚಯಿಸಿ, ಉಳಿದವರು ಅವರ ಮುಂದೆ ಗಾಳಿಗೆ ಗೋಡೆಯಾಗುತ್ತಾರೆ. ಹಿಂದಿನ ಮೋಟಾರಿನಿಂದ ನೀರಿನ ಬಾಟಲಿಗಳನ್ನು ಹೊತ್ತು ತರುತ್ತಾರೆ. ನಾಯಕನ ಗಾಲಿ ಪಂಕ್ಚರಾದರೆ ತಮ್ಮದನ್ನೇ ಬಿಚ್ಚಿಕೊಡುತ್ತಾರೆ. ಫ್ರೆಂಚರು ಇಂಥವನಿಗೆ 'ಮನೆಯಾಳು' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ನಮ್ಮ ಹೊಲಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟಲ್ಲವೇ? ಇಂದು ನಿನ್ನ ಹೊಲದ ಜೋಳದ ಕೊಯ್ಲಿಗೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಈ ಸೈಕಲ್ ಪಟುಗಳ ನಡತೆಯೂ ಬಹುಮಟ್ಟಿಗೆ ಅಂಥದೇ.

ಇದಕ್ಕೆ ೨೦೦೨ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಜೋಲ್ಡರ್ ಎಂಬಲ್ಲಿ ನಡೆದ ಪಂದ್ಯವು ಉತ್ತಮ ನಿದರ್ಶನ. ಅಲ್ಲಿನ ಹಾದಿ ಸಮತಟ್ಟಾದುದು. ಇಟಲಿಯ ತಂಡದಲ್ಲಿ ಮಾರಿಯೊ ಚಿಪೊಲ್ಲಿನಿ ಎಂಬ ೩೫ ವರ್ಷದ ಪಟುವಿದ್ದನು. ಕೊನೆಯ ಇನ್ನೂರು ಮೀಟರಿನ ಬಿರುಸಿನ ಓಟದಲ್ಲಿ ಆತ ಅಸಾಧ್ಯನೆಂದು ಹೆಸರಾದವನು. ತಂಡದಲ್ಲಿ ಉಳಿದವರೇನು ಸಾಮಾನ್ಯರೇ? ಪಾವೊಲೊ ಬೆತ್ತಿನಿ, ಅಲೆಸ್ಸಾಂದ್ರೊ ಪೆತಾಕ್ಕಿಯಂತಹ ಘಟಾನುಘಟಿಗಳಿದ್ದರು. ತರಬೇತುದಾರ ಫ್ರಾಂಕೊ ಬಾಲ್ಲೆರಿನಿಯು ಎಲ್ಲರೂ ಚಿಪೊಲ್ಲಿನಿಗಾಗಿ ದುಡಿಯಬೇಕೆಂದು ನಿರ್ಣಯಿಸಿದನು. ಅವರು ಹಾಗೆಯೇ ದುಡಿದರು. ಕೊನೆಯ ಕಿಲೋಮೀಟರುಗಳಲ್ಲಿ ನೀಲಿ ಅಂಗಿಯವರು ಒಬ್ಬರ ಹಿಂದೊಬ್ಬರು ರೈಲಿನ ಡಬ್ಬಿಗಳಂತೆ ಸಾಲುಗಟ್ಟಿ, ಮುಂದಿನವನು ದಣಿದೊಡನೆ ಪಕ್ಕಕ್ಕೆ ಸರಿದು ಹಿಂದಿನವನಿಗೆ ದಾರಿ ಬಿಡುತ್ತ ಸಾಗಿದರು. ಚಿಪೊಲ್ಲಿನಿ ಗೆದ್ದನು. ಅಂದು ದುಡಿದ ಬೆತ್ತಿನಿ ೨೦೦೬ರಲ್ಲಿ ಮತ್ತು ೨೦೦೭ರಲ್ಲಿ ತಾನೇ ವಿಶ್ವವಿಜೇತನಾದನು. ಮುಯ್ಯಿ ತೀರಿತು.

ಆದರೆ ಯಾವಾಗಲೂ ಹೀಗೆಯೇ ನಡೆಯುತ್ತದೆಂದು ಹೇಳಿದರೆ ಅದು ಸತ್ಯಕ್ಕೆ ಅಪಚಾರವಾದೀತು. ೧೯೬೩ರಲ್ಲಿ ಬೆಲ್ಜಿಯಮ್ಮಿನ ರೋನ್ಸ ಎಂಬ ಊರಿನಲ್ಲಿ ಸ್ಪರ್ಧೆ ನಡೆಯಿತು. ತವರಿನ ಜನರೆಲ್ಲ ರಿಕ್ ವಾನ್ ಲೋಯ್ ಗೆಲ್ಲುವನೆಂದು ಕಾದಿದ್ದರು. ೧೯೬೦, ೧೯೬೧ರಲ್ಲಿ ಗೆದ್ದವನು ಆತ. ಕೊನೆಯ ಗೆರೆಯ ಹತ್ತಿರ ಅವನ ಪಕ್ಕಕ್ಕೆ ಅವನದೇ ತಂಡದ ಬೆನೋನಿ ಬೆಹೈಟ್ ಬಂದನು. ಬೆಹೈಟನ ಕೈ ವಾನ್ ಲೋಯ್‌ನ ಮೈಗೆ ತಾಗಿತು. ಗೆರೆಯನ್ನು ಮೊದಲು ದಾಟಿದವನು ಬೆಹೈಟನೇ. ತನ್ನ ಕಡೆಗೆ ವಾಲಿ ಬಂದವನನ್ನು ತಡೆಯಲು ಕೈ ಒಡ್ಡಿದೆನೆಂದು ಆತ ಹೇಳಿದನು. ಅವನು ಮಾಡಿದ್ದು ಸರಿಯೇ ತಪ್ಪೇ ಎಂಬ ವಾದ ದಶಕಗಳವರೆಗೆ ಮುಗಿಯಲಿಲ್ಲ. ೧೯೮೨ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಅಮೆರಿಕದ ಜೊನಾಥನ್ ಬಾಯರ್ ಕೊನೆಯ ಕಿಲೋಮೀಟರಿನಲ್ಲಿ ಒಂಟಿಯಾಗಿ ಮುಂದಿದ್ದನು. ಅವನನ್ನು ಬೆನ್ನಟ್ಟಿದವನು ಅವನ ದೇಶದವನೇ ಆದ ಗ್ರೆಗ್ ಲೆಮಾಂಡ್. ಇಟಲಿಯ ಜುಸೆಪ್ಪೆ ಸಾರೊನ್ನಿ ಹಿಂದಿನಿಂದ ಮಿಂಚಿನಂತೆ ನುಗ್ಗಿ ಇಬ್ಬರನ್ನೂ ದಾಟಿ ಗೆದ್ದನು. ಲೆಮಾಂಡ್ ಎರಡನೆಯವನಾದನು, ಬಾಯರ್ ಹತ್ತನೆಯ ಸ್ಥಾನಕ್ಕೆ ಇಳಿದನು. ಒಂದೇ ದೇಶದ ಅಂಗಿ ತೊಟ್ಟವರೆಲ್ಲ ಒಂದೇ ಮನಸ್ಸಿನವರಾಗಿರುವುದಿಲ್ಲ. ಆದುದರಿಂದಲೇ ಇನ್ನೊಬ್ಬನಿಗಾಗಿ ದುಡಿಯುವುದು ಸುಲಭದ ಗುಣವಲ್ಲವೆಂದು ನಾನು ಹೇಳುತ್ತೇನೆ. ತಾನೇ ಗೆಲ್ಲಬಲ್ಲವನು ಅದನ್ನು ಮಾಡಿದಾಗ ಅದರ ಬೆಲೆ ಇನ್ನೂ ಹೆಚ್ಚು.

ಇನ್ನು ಹೆಣ್ಣುಮಕ್ಕಳ ಮಾತು. ಪುರುಷರ ಸ್ಪರ್ಧೆ ೧೯೨೧ರಲ್ಲಿ ಆರಂಭವಾಯಿತೆಂದೆನಷ್ಟೆ. ಸ್ತ್ರೀಯರಿಗೆ ಆ ಅವಕಾಶ ಲಭಿಸಿದುದು ೧೯೫೮ರಲ್ಲಿ, ಎಂದರೆ ೩೭ ವರ್ಷಗಳ ಅನಂತರ. ಫ್ರಾನ್ಸಿನ ರ್‍ಯಾಂಸ್ ನಗರದಲ್ಲಿ ನಡೆದ ಆ ಮೊದಲ ಸ್ಪರ್ಧೆಯನ್ನು ಗೆದ್ದವಳು ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದ ಎಲ್ಸಿ ಯಾಕೋಬ್ಸ್. ಒಲಿಂಪಿಕ್ಸಿನಲ್ಲಂತೂ ಸ್ತ್ರೀಯರ ರಸ್ತೆ ಪಂದ್ಯಕ್ಕೆ ೧೯೮೪ರವರೆಗೆ ಕಾಯಬೇಕಾಯಿತು.

ಮೊದಲ ದಿನಗಳ ಆ ಸ್ತ್ರೀಯರಲ್ಲಿ ಇಂಗ್ಲೆಂಡಿನ ಬೆರಿಲ್ ಬರ್ಟನ್ ಅವರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರು ಅವಶ್ಯ ತಿಳಿಯಬೇಕು. ಬಾಲ್ಯದಲ್ಲಿ ಸಂಧಿವಾತದ ಜ್ವರದಿಂದ ಬಹುಕಾಲ ಆಸ್ಪತ್ರೆಯಲ್ಲಿದ್ದ ಹುಡುಗಿ ಆಕೆ. ಮುಂದೆ ಯಾರ್ಕ್‌ಷೈರಿನ ಹೊಲವೊಂದರಲ್ಲಿ ಮೈಮುರಿದು ದುಡಿಯುತ್ತ, ಬಿಡುವಿನ ವೇಳೆಯಲ್ಲಿ ಸೈಕಲ್ ಅಭ್ಯಾಸ ಮಾಡಿ, ೧೯೬೦ರಲ್ಲಿಯೂ ೧೯೬೭ರಲ್ಲಿಯೂ ರಸ್ತೆಯ ವಿಶ್ವವಿಜೇತೆಯಾದರು. ಅದೇ ೧೯೬೭ರಲ್ಲಿ ತಮ್ಮ ದೇಶದಲ್ಲಿ ನಡೆದ ಹನ್ನೆರಡು ಗಂಟೆಗಳ ಸ್ಪರ್ಧೆಯೊಂದರಲ್ಲಿ ಸುಮಾರು ೪೪೬ ಕಿಲೋಮೀಟರು ಕ್ರಮಿಸಿದರು. ಅದು ಪುರುಷರ ದಾಖಲೆಯನ್ನೂ ಮೀರಿದ ದೂರವಾಗಿತ್ತು. ತಮಗಿಂತ ಮುಂಚೆ ಹೊರಟಿದ್ದ ಪುರುಷರಲ್ಲಿ ಅಗ್ರಗಣ್ಯನಾದ ಮೈಕ್ ಮೆಕ್‌ನಮಾರಾನನ್ನು ದಾಟಿ ಹೋಗುವಾಗ ಅವನ ಕೈಗೆ ಒಂದು ಮಿಠಾಯಿಯನ್ನು ಕೊಟ್ಟು ಮುಂದೆ ಸಾಗಿದರಂತೆ! ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಆಕೆಯ ಪತಿ ಚಾರ್ಲಿ ಬರ್ಟನ್. ಸೈಕಲ್ಲಿನ ದುರಸ್ತಿಯನ್ನು ನೋಡಿಕೊಂಡು, ಪಂದ್ಯಗಳಿಗೆ ಕರೆದೊಯ್ದು, ಬೆನ್ನ ಹಿಂದೆ ನಿಂತವರು ಅವರು. ಯಾವ ಫಲಿತಾಂಶದ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ.

ತಾಯಿತಂದೆಗಳೇ, ಶಾಲೆ ದೂರವೆಂಬ ಕಾರಣಕ್ಕೆ ಏಳನೆಯ ಇಯತ್ತೆಯೊಂದಿಗೆ ಮಗಳ ಓದನ್ನು ನಿಲ್ಲಿಸುವ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇಲ್ಲದಿಲ್ಲ. ಒಂದು ಸೈಕಲ್ಲೂ, ಬೆನ್ನ ಹಿಂದೆ ನಿಲ್ಲುವ ಒಬ್ಬ ತಂದೆಯೋ ಅಣ್ಣನೋ ಇದ್ದರೆ ಆ ದೂರ ಎಷ್ಟರದು? ತಾವೇ ವಿಚಾರ ಮಾಡಬೇಕು.

೨೦೨೨ರಲ್ಲಿ ಆಸ್ಟ್ರೇಲಿಯದ ವೊಲಂಗಾಂಗ್‌ನಲ್ಲಿ ನಡೆದ ಒಂದು ಪ್ರಸಂಗವನ್ನೂ ಹೇಳುತ್ತೇನೆ. ಹಾಲೆಂಡಿನ ಅನ್ನೆಮೀಕ್ ವಾನ್ ಫ್ಲೂಟನ್ ಎಂಬ ೩೯ ವರ್ಷದ ಪಟು, ಪುರುಷರೂ ಸ್ತ್ರೀಯರೂ ಜೊತೆಯಾಗಿ ಪಾಲ್ಗೊಳ್ಳುವ ತಂಡದ ಸ್ಪರ್ಧೆಯಲ್ಲಿ ಬುಧವಾರ ಬಿದ್ದು ಮೊಣಕೈಯ ಎಲುಬು ಮುರಿದುಕೊಂಡರು. ಶನಿವಾರ ರಸ್ತೆ ಪಂದ್ಯ. ತಾನು ಗೆಲ್ಲುವ ಆಸೆಯನ್ನು ಬಿಟ್ಟು, ಜೊತೆಗಾತಿ ಮರಿಯಾನೆ ವೋಸ್‌ಗೆ ನೆರವಾಗೋಣವೆಂದು ಆ ನೋವಿನಲ್ಲಿಯೇ ಅವರು ಹೊರಟರು. ಕೊನೆಯ ಏರಿನಲ್ಲಿ ಹಿಂದೆ ಬಿದ್ದವರು ಮತ್ತೆ ಮುಂದಿನ ಗುಂಪನ್ನು ಕೂಡಿಕೊಂಡರು. ಕೊನೆಯ ಕಿಲೋಮೀಟರಿನಲ್ಲಿ ಯಾರೂ ನಿರೀಕ್ಷಿಸದ ಕ್ಷಣದಲ್ಲಿ ಮುನ್ನುಗ್ಗಿ ಗೆದ್ದೇಬಿಟ್ಟರು! ನೆರವಿಗೆಂದು ಹೊರಟವರಿಗೆ ಕಾಮನಬಿಲ್ಲಿನ ಅಂಗಿ ದೊರೆಯಿತು. ಇಂಥದು ಎಲ್ಲರಿಗೂ ಒದಗುವುದಿಲ್ಲ. ಆದರೆ ನೆರವಿಗೆ ಹೊರಡದೆ ಮನೆಯಲ್ಲಿ ಕುಳಿತವರಿಗೆ ಎಂದೂ ಒದಗುವುದಿಲ್ಲ.

ಕಡೆಯದಾಗಿ ೨೦೨೫ರ ಸ್ಪರ್ಧೆ. ಅದು ಸೆಪ್ಟೆಂಬರಿನಲ್ಲಿ ರುವಾಂಡಾ ದೇಶದ ರಾಜಧಾನಿ ಕಿಗಾಲಿಯಲ್ಲಿ ನಡೆಯಿತು. ಶತಮಾನಕ್ಕೂ ಮೀರಿದ ಈ ಸ್ಪರ್ಧೆಯ ಇತಿಹಾಸದಲ್ಲಿ ಆಫ್ರಿಕಾ ಖಂಡಕ್ಕೆ ಆ ಗೌರವ ದೊರೆತುದು ಅದೇ ಮೊದಲು. ಸಾವಿರ ಗುಡ್ಡಗಳ ನಾಡೆಂದು ಹೆಸರಾದ ರುವಾಂಡಾದ ಸಾಮಾನ್ಯ ಜನರು ಬಾಳೆಗೊನೆಗಳನ್ನೂ ನೀರಿನ ಕೊಡಗಳನ್ನೂ ಸೈಕಲ್ಲಿನ ಮೇಲೆ ಸಾಗಿಸುವವರು. ೧೯೯೪ರ ಭೀಕರ ನರಮೇಧದಲ್ಲಿ ನೊಂದು ಬೆಂದ ಆ ದೇಶ ಮೂವತ್ತೊಂದು ವರ್ಷಗಳ ಅನಂತರ ಇಡೀ ಲೋಕವನ್ನು ತನ್ನ ರಸ್ತೆಗಳಿಗೆ ಅತಿಥಿಯಾಗಿ ಕರೆಯಿತು. ಪುರುಷರ ಪಂದ್ಯದ ದೂರ ೨೬೭.೫ ಕಿಲೋಮೀಟರು, ಏರುಗಳ ಮೇಲೆ ಏರುಗಳು. ಸ್ಲೊವೇನಿಯಾದ ತಾದೆಯ್ ಪೊಗಾಚಾರ್ ಕೊನೆಯ ಅರವತ್ತಕ್ಕೂ ಹೆಚ್ಚು ಕಿಲೋಮೀಟರುಗಳನ್ನು ಒಂಟಿಯಾಗಿ ತುಳಿದು ಗೆದ್ದನು. ಸ್ತ್ರೀಯರಲ್ಲಿ ಕೆನಡಾದ ಮಗ್ದಲೆನ್ ವಾಲಿಯೆರ್ ಅನಿರೀಕ್ಷಿತವಾಗಿ ಗೆದ್ದು, ಈ ಪಂದ್ಯದಲ್ಲಿ ತಮ್ಮ ದೇಶಕ್ಕೆ ಮೊದಲ ಪ್ರಶಸ್ತಿಯನ್ನು ತಂದರು.

ಆ ಪುರುಷರ ಪಂದ್ಯದಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಹೊರಟಿದ್ದರು. ಗೆರೆ ಮುಟ್ಟಿದವರು ಮೂವತ್ತೇ ಮಂದಿ. ಉಳಿದವರ ಹೆಸರಿನ ಮುಂದೆ 'ಮುಗಿಸಲಿಲ್ಲ' ಎಂದು ಬರೆದರು. ಆ ಶಬ್ದವನ್ನು ಓದಿದವನು ಅವರನ್ನು ಸೋತವರೆಂದೇ ತಿಳಿದಾನು. ಆದರೆ ಅವರಲ್ಲಿ ಅನೇಕರು ಪಂದ್ಯದ ಮೊದಲ ಗಂಟೆಗಳಲ್ಲಿ ತಮ್ಮ ನಾಯಕನ ಮುಂದೆ ಗಾಳಿಯನ್ನು ಸೀಳಿ, ತಮ್ಮ ಪಾಲಿನ ಕೆಲಸವನ್ನು ತೀರಿಸಿ, ಶಕ್ತಿಯೆಲ್ಲ ಬರಿದಾದ ಮೇಲೆ ಪಕ್ಕಕ್ಕೆ ಸರಿದವರು. ಪಟ್ಟಿಯು ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲವನ್ನೂ ಹೇಳುವುದೂ ಇಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಇಂದು ಬಹುಮಾನ ಪಡೆದವರು ಒಂದು ಕ್ಷಣ ಯೋಚಿಸಿರಿ: ನಿಮ್ಮ ಮುಂದೆ ಗಾಳಿಗೆ ಎದೆಯೊಡ್ಡಿದವರು ಯಾರು? ಕಬಡ್ಡಿಯಲ್ಲಿ ನಿನ್ನ ಕೈ ಬಿಡದೆ ನಿಂತವನು, ಪರೀಕ್ಷೆಗೆ ಮುಂಚೆ ನಿನಗೆ ಲೆಕ್ಕ ಹೇಳಿಕೊಟ್ಟವಳು, ನಸುಕಿನಲ್ಲಿ ಎದ್ದು ರೊಟ್ಟಿ ಬಡಿದುಕೊಟ್ಟ ತಾಯಿ: ಇವರ ಹೆಸರನ್ನು ನಿಮ್ಮ ಬಹುಮಾನದ ಬೆನ್ನ ಮೇಲೆ ಮನಸ್ಸಿನಲ್ಲಾದರೂ ಬರೆದುಕೊಳ್ಳಿರಿ. ಬಹುಮಾನ ಪಡೆಯದವರು ತಲೆ ತಗ್ಗಿಸಬೇಡಿರಿ. ನಿಮ್ಮ ಸರದಿಯ ಗಾಳಿಯನ್ನು ನೀವು ಪ್ರಾಮಾಣಿಕವಾಗಿ ಸೀಳಿದ್ದರೆ ಅಷ್ಟು ಸಾಕು.

ತಾಯಿತಂದೆಗಳಲ್ಲಿ ನನ್ನದೊಂದು ವಿನಂತಿ. ಇಂದು ಸಂಜೆ "ಎಷ್ಟನೆಯ ನಂಬರು?" ಎಂದು ಅವಶ್ಯ ಕೇಳಿರಿ, ಅದರಲ್ಲಿ ತಪ್ಪಿಲ್ಲ. ಅದರ ಜೊತೆಗೆ "ಇವತ್ತು ಯಾರಿಗೆ ನೆರವಾದೆ?" ಎಂದೂ ಒಂದು ಮಾತು ಕೇಳಿರಿ. ಆ ಎರಡನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲ ಮಕ್ಕಳು ಈ ಮೈದಾನದಲ್ಲಿ ಬಹಳ ಜನರಿದ್ದಾರೆಂದು ನಾನು ಬಲ್ಲೆ.