ಹಂಪಿಯ ಕುದುರೆ, ಅಂಗಡಿಯ ಎಣ್ಣೆ

(ಬಾಗಳಿಯಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಸುಂಕವೆಂಬ ಮಾತು ಈ ಸೀಮೆಗೆ ಹೊಸದಲ್ಲ. ನಿಮ್ಮ ಕಲ್ಲೇಶ್ವರ ದೇವಾಲಯದ ಬಳಿ ಕ್ರಿ.ಶ. 987ರ, ಚಾಲುಕ್ಯ ತೈಲಪನ ಕಾಲದ ಶಾಸನವಿದೆ. ಆ ಮನೆತನದ ಆಳ್ವಿಕೆಯ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಅಂದು ಎತ್ತಿನ ಮೇಲೆ ಹೇರಿ ತಂದ ಸರಕಿಗೆ ದಾರಿಯಲ್ಲಿ ಸುಂಕ; ಇಂದು ಹಡಗಿನಲ್ಲಿ ಬಂದ ಸರಕಿಗೆ ಬಂದರಿನಲ್ಲಿ ಸುಂಕ.

ದೇಶಗಳು ಪರಸ್ಪರ ವ್ಯಾಪಾರ ಮಾಡುವುದೇಕೆ? ತಮ್ಮಲ್ಲಿ ಇಲ್ಲದ್ದು ಬೇಕು ಎಂಬುದು ಮೊದಲ ಕಾರಣ. ವಿಜಯನಗರದ ದಂಡಿಗೆ ಉತ್ತಮ ಕುದುರೆಗಳು ಬೇಕಿದ್ದವು. ಅವು ಅರಬಸ್ತಾನ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದವು. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಗೆ ಹೋಗುತ್ತಿದ್ದವು.

ತಾನೇ ಮಾಡಬಲ್ಲದ್ದನ್ನೂ ಕೊಳ್ಳುವುದು ಲಾಭವಾಗಬಹುದು ಎಂಬುದು ಎರಡನೆಯ ಕಾರಣ. ಕಮ್ಮಾರನಿಗೆ ಬುಟ್ಟಿ ಹೆಣೆಯಲೂ ಬರಬಹುದು. ಆದರೆ ಹೆಣೆಯುತ್ತ ಕುಳಿತರೆ ಕುಲುಮೆ ಆರುತ್ತದೆ. ಕುಡುಗೋಲು ಮಾಡಿ ಮಾರಿ, ಆ ಹಣದಲ್ಲಿ ಬುಟ್ಟಿ ಕೊಂಡರೆ ಅವನಿಗೂ ಹೆಣೆಯುವವನಿಗೂ ಒಳಿತು. ಇಂಗ್ಲೆಂಡಿನ ಡೇವಿಡ್ ರಿಕಾರ್ಡೊ 1817ರಲ್ಲಿ ಬಟ್ಟೆ ಮತ್ತು ದ್ರಾಕ್ಷಾರಸದ ಉದಾಹರಣೆ ಕೊಟ್ಟು ತೋರಿಸಿದ್ದು ಇದನ್ನೇ.

ಹಾಗಿದ್ದರೆ ತಡೆ ಏಕೆ? ಕೆಲವೊಮ್ಮೆ ಹಗೆಯೇ ಕಾರಣ. 1547ರಲ್ಲಿ ಪೋರ್ಚುಗೀಸರೊಡನೆ ವಿಜಯನಗರ ಮಾಡಿಕೊಂಡ ಒಪ್ಪಂದದಂತೆ ಗೋವೆಯ ಕುದುರೆಗಳು ವಿಜಯನಗರಕ್ಕೆ ಸಲ್ಲಬೇಕು, ಬಿಜಾಪುರಕ್ಕೆ ಹೋಗಬಾರದು. ಆದರೆ ಬಹಳ ಸಲ ಕಾರಣ ಬೇರೆ. ವ್ಯಾಪಾರದಿಂದ ದೇಶಕ್ಕೆ ಲಾಭವಾದರೂ ಅದು ಎಲ್ಲರ ಮನೆಗೂ ಸಮನಾಗಿ ಹಂಚಿಕೆಯಾಗುವುದಿಲ್ಲ.

ಅಡುಗೆ ಎಣ್ಣೆಯನ್ನೇ ನೋಡಿ. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭವಾಯಿತು. 1990ರ ದಶಕದ ಆರಂಭಕ್ಕೆ ದೇಶ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು. 1994ರಿಂದ ಆಮದಿನ ಬಾಗಿಲು ತೆರೆಯಿತು. ಈಗ ನಾವು ಬಳಸುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಇಂಡೊನೇಷ್ಯಾ, ಮಲೇಷ್ಯಾಗಳ ಒಂದು ಹೆಕ್ಟೇರ್ ತಾಳೆ ತೋಟ ವರ್ಷಕ್ಕೆ ಸುಮಾರು 3 ಟನ್ ಎಣ್ಣೆ ಕೊಡುತ್ತದೆ. ಕೂಡ್ಲಿಗಿ, ಕೊಟ್ಟೂರು ಕಡೆಯ ಮಳೆ ನಂಬಿದ ಶೇಂಗಾ ಹೊಲ ಅದರ ಹತ್ತಿರಕ್ಕೂ ಬಾರದು. ಅಗ್ಗದ ಎಣ್ಣೆ ಬಂದರೆ ಕೂಲಿಯವರ ಒಲೆಗೆ ಅನುಕೂಲ, ಶೇಂಗಾ ಬೆಳೆದವನಿಗೆ ಪೆಟ್ಟು.

ಹೀಗಾಗಿ ಸರ್ಕಾರದ ಕೈಯಲ್ಲಿ ಸುಂಕವು ಏತದಂತೆ ಏರಿಳಿಯುತ್ತದೆ. ಬೆಲೆ ಗಗನಕ್ಕೇರಿದಾಗ, 2021ರ ಅಕ್ಟೋಬರಿನಲ್ಲಿ, ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕ ಸೊನ್ನೆಯಾಯಿತು. ಎಣ್ಣೆಕಾಳಿನ ಧಾರಣೆ ಕುಸಿದಾಗ, 2024ರ ಸೆಪ್ಟೆಂಬರಿನಲ್ಲಿ, ಶೇ. 20ಕ್ಕೆ ಏರಿತು. 2025ರ ಮೇ ಕೊನೆಯಲ್ಲಿ ಶೇ. 10ಕ್ಕೆ ಇಳಿಯಿತು.

ಹೊರಗಿನದನ್ನೇ ನಂಬಿದರೆ ಏನಾಗುತ್ತದೆಂಬುದನ್ನು 2022 ತೋರಿಸಿತು. ಯುಕ್ರೇನಿನ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಬರುವುದು ಕಷ್ಟವಾಯಿತು. ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ತನ್ನ ಜನರಿಗೆ ಎಣ್ಣೆ ಉಳಿಸಲು ತಾಳೆ ಎಣ್ಣೆಯ ರಫ್ತನ್ನೇ ಕೆಲವು ವಾರ ನಿಲ್ಲಿಸಿತು.

ಹಾಗೆಂದು ಸುಂಕವನ್ನು ಏರಿಸುತ್ತಲೇ ಹೋಗುವುದೂ ಪರಿಹಾರವಲ್ಲ. ಅದರ ಭಾರವನ್ನು ಹೊರುವವರು ಅಂಗಡಿಯಲ್ಲಿ ಕಾಲು ಲೀಟರ್ ಕೊಳ್ಳುವವರು. ರೈತನನ್ನು ಹೆಚ್ಚು ಕಾಡುವುದು ಸುಂಕದ ಅಸ್ಥಿರತೆ. ಬಿತ್ತುವಾಗ ಇದ್ದ ಸುಂಕ ರಾಶಿ ಮಾಡುವಾಗ ಇರುವುದಿಲ್ಲ. ಒಳ್ಳೆಯ ಬೀಜ, ಒಂದೆರಡು ನೀರಿನ ಆಸರೆ, ಬೆಂಬಲ ಬೆಲೆಯಲ್ಲಿ ಸಕಾಲಿಕ ಖರೀದಿ ಜೊತೆಗಿದ್ದರೆ ಮಾತ್ರ ಸುಂಕಕ್ಕೆ ಅರ್ಥ. ಇನ್ನು ಮುಂದೆ ಬಿತ್ತನೆಗೆ ಮುನ್ನ ಮುಗಿಲನ್ನು ನೋಡುವಂತೆ ಬಂದರಿನ ಸುದ್ದಿಯನ್ನೂ ನೋಡಿ. ಸುಂಕ ಬದಲಾದಾಗ ಯಾರಿಗಾಗಿ ಬದಲಾಯಿತು ಎಂದು ನಿಮ್ಮ ಪ್ರತಿನಿಧಿಗಳನ್ನು ಕೇಳಿ.