ಅಡವಿಯ ಹಸಿವಿನಲ್ಲಿ

ನಲವತ್ತು ದಿನ ಉಪವಾಸವಿದ್ದು ಹಸಿದ ಯೇಸುಸ್ವಾಮಿಗೆ, ಈ ಕಲ್ಲುಗಳನ್ನೇ ರೊಟ್ಟಿ ಮಾಡಿಕೋ ಎಂದ ಸೈತಾನ. ಹಸಿದವನು ಉಣ್ಣುವುದು ತಪ್ಪೇ? ಶೋಧನೆ ಬರುವುದೇ ಹೀಗೆ, ನ್ಯಾಯವಾದ ಬೇಡಿಕೆಯ ವೇಷದಲ್ಲಿ.

ಯೇಸು ವಾದಕ್ಕಿಳಿಯಲಿಲ್ಲ. ಸೈತಾನ ಶೋಧಿಸಿದ ಮೂರು ಸಲವೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳ ಮಾತನ್ನೇ ಹಿಡಿದು ನಿಂತರು. ಇಸ್ರಾಯೇಲರು ಅಡವಿಯಲ್ಲಿ ಹಸಿದು, ದೇವರು ಕೊಟ್ಟ ಮನ್ನ ತಿಂದು ಬದುಕಿದ್ದನ್ನು ನೆನೆಯುವ ಭಾಗ ಅದು.

ಆದರೆ ಗಮನಿಸಿ, ಸೈತಾನನಿಗೂ ಶಾಸ್ತ್ರ ಬಾಯಿಪಾಠವಿತ್ತು! ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಕ್ಕೆ ಧುಮುಕು ಎನ್ನುತ್ತಾ ಅವನು ಹೇಳಿದ್ದು 91ನೇ ಕೀರ್ತನೆಯ ಮಾತು. ಅವನು ವಚನವನ್ನು ದೇವರನ್ನು ಪರೀಕ್ಷಿಸಲು ಬಳಸಿದ; ಯೇಸು ತಂದೆಯನ್ನು ನಂಬಲು. ವಚನ ಗೊತ್ತಿದ್ದರಷ್ಟೇ ಸಾಲದು ಎಂದು ನನಗನ್ನಿಸುವುದು ಇಲ್ಲೇ.

ಇಂದು ನಮ್ಮ ಮೇಜಿಗೂ ಲಂಚದ ಲಕೋಟೆ ಬರಬಹುದು. ಮಗಳ ಫೀಸಿಗಾಗಿ ಎಂದು ಮನಸ್ಸು ಪಿಸುಗುಟ್ಟಬಹುದು. ಆ ಗಳಿಗೆಯಲ್ಲಿ ಬೈಬಲ್ ತೆರೆದು ಹುಡುಕಲು ಪುರುಸೊತ್ತೆಲ್ಲಿ? ಆದ್ದರಿಂದ ಈಗಲೇ, ಕೆಲಸಕ್ಕೆ ಹೊರಡುವ ಮುನ್ನ, ಒಂದು ವಚನವನ್ನು ನಿಧಾನವಾಗಿ ಓದಿ, ಅದರಂತೆ ನಿಲ್ಲುವ ಬಲವನ್ನು ದೇವರಲ್ಲಿ ಕೇಳೋಣ.

ಸೈತಾನ ಹೋದದ್ದು ತಕ್ಕ ಸಮಯ ಬರುವವರೆಗೆ ಮಾತ್ರ ಎನ್ನುತ್ತಾನೆ ಸುವಾರ್ತೆ ಬರೆದ ಲೂಕ. ತಮ್ಮ ಬಂಧನದ ರಾತ್ರಿ ಎಣ್ಣೆಮರಗಳ ಗುಡ್ಡದಲ್ಲಿ ಯೇಸು ಮೊಣಕಾಲೂರಿದರು; ಶೋಧನೆಗೆ ಒಳಗಾಗದಂತೆ ಪ್ರಾರ್ಥಿಸಿರೆಂದು ಶಿಷ್ಯರಿಗೂ ಹೇಳಿದರು.